ಜಿಂಕ್ ಆಕ್ಸೈಡ್ ಹೊಳೆಯುವ ತನಕ: ಪಾಲಿಮರ್ ಹೊದಿಸಿದ ನ್ಯಾನೊ ಕಣಗಳನ್ನು ತಯಾರಿಸಿದ ಅನುಭವ

ನೀರಿನಲ್ಲಿ ತಿಳಿಯಾಗಿ ಹರಡಿ ನಿಲ್ಲುವ, ನೇರಳಾತೀತ ಬೆಳಕು ಬಿದ್ದಾಗ ಹಳದಿ ಬೆರೆತ ಹಸಿರು ಬಣ್ಣದಲ್ಲಿ ಹೊಳೆಯುವ, ಪಾಲಿಮರ್ ಹೊದಿಕೆಯುಳ್ಳ ಜಿಂಕ್ ಆಕ್ಸೈಡ್ ನ್ಯಾನೊ ಕಣಗಳ ತಯಾರಿಕೆಯೇ ನನ್ನ ಪಿಎಚ್.ಡಿ. ಪ್ರಬಂಧದ ಮುಖ್ಯ ಅಧ್ಯಾಯ. ಅದಕ್ಕೆ ಬೇಕಾದ ಕೊನೆಯ ಪರೀಕ್ಷಾ ವರದಿ ಈಚೆಗಷ್ಟೇ ಕೈಸೇರಿದೆ. ಸಂಶೋಧನಾ ಲೇಖನಗಳಲ್ಲಿ ಈ ತಯಾರಿಕೆಯ ವಿವರ ಅರ್ಧ ಪುಟವನ್ನೂ ಮೀರುವುದಿಲ್ಲ. ಎಷ್ಟು ಗ್ರಾಂ, ಎಷ್ಟು ಮಿಲಿಲೀಟರ್, ಎಷ್ಟು ಉಷ್ಣತೆ ಎಂಬಷ್ಟಕ್ಕೆ ಅದು ಮುಗಿಯುತ್ತದೆ. ಆದರೆ ನಮ್ಮ ಕರಾವಳಿಯಂಥ ತೇವದ ಊರಿನಲ್ಲಿ, ಎಲ್ಲ ಉಪಕರಣಗಳೂ ಒಂದೇ ಕಡೆ ಇರದ ವಿಭಾಗದಲ್ಲಿ, ಇಂಡೆಂಟು ಮತ್ತು ಕೊಟೇಷನ್ನುಗಳ ನಡುವೆ ಈ ಕೆಲಸ ಮಾಡಹೊರಟವರಿಗೆ ಎದುರಾಗುವ ಸಂಗತಿಗಳು ಬೇರೆಯೇ ಇವೆ. ಅವುಗಳಲ್ಲಿ ಮುಖ್ಯವಾದುದನ್ನು ಮೊದಲೇ ಹೇಳುತ್ತೇನೆ: ಈ ಕಣಗಳಿಗೆ ವಯಸ್ಸಿದೆ. ತಯಾರಾದ ಗಳಿಗೆಯಿಂದ ಅವು ಬೆಳೆಯುತ್ತ, ಬಣ್ಣ ಬದಲಿಸುತ್ತ ಹೋಗುತ್ತವೆ. ಉಪಕರಣದ ಸರದಿ ಬರುವುದು ವಾರಗಳ ಲೆಕ್ಕದಲ್ಲಿ, ಕಣ ಬದಲಾಗುವುದು ಗಂಟೆಗಳ ಲೆಕ್ಕದಲ್ಲಿ. ನನ್ನ ಕಷ್ಟಗಳಲ್ಲಿ ಹೆಚ್ಚಿನವು ಈ ಎರಡು ಲೆಕ್ಕಗಳು ಹೊಂದದೆ ಹುಟ್ಟಿದವು.

ಈ ವಸ್ತುವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. 2023ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಾವೆಂಡಿ, ಬ್ರೂಸ್ ಮತ್ತು ಎಕಿಮೋವ್ ಅವರಿಗೆ ಸಂದದ್ದು ಕ್ವಾಂಟಮ್ ಚುಕ್ಕೆಗಳ, ಅಂದರೆ ಗಾತ್ರ ಬದಲಾದಂತೆ ಬಣ್ಣವೂ ಬದಲಾಗುವ ಅತಿ ಚಿಕ್ಕ ಹರಳುಗಳ, ಕೆಲಸಕ್ಕಾಗಿ. ಅಂಥ ಚುಕ್ಕೆಗಳಲ್ಲಿ ಬಹುಪಾಲು ಹೆಸರಾದವು ಕ್ಯಾಡ್ಮಿಯಂ ಸಂಯುಕ್ತಗಳು, ಮತ್ತು ಕ್ಯಾಡ್ಮಿಯಂ ವಿಷ. ಜೀವಕೋಶಗಳ ಚಿತ್ರಣದಂಥ ಬಳಕೆಗೆ ಸತುವಿನ ಆಕ್ಸೈಡು ಅದಕ್ಕಿಂತ ಸೌಮ್ಯ, ಅಗ್ಗ. ದೊಡ್ಡ ಹರಳಿನ ರೂಪದಲ್ಲಿ ಇದರ ಶಕ್ತಿ ಅಂತರ, ಅಂದರೆ ಇದನ್ನು ಎಬ್ಬಿಸಲು ಬೆಳಕಿಗೆ ಇರಬೇಕಾದ ಕನಿಷ್ಠ ಶಕ್ತಿ, ಸುಮಾರು 3.37 ಎಲೆಕ್ಟ್ರಾನ್ ವೋಲ್ಟ್. ಕಣದ ವ್ಯಾಸ ಆರೇಳು ನ್ಯಾನೊಮೀಟರಿಗಿಂತ ಕೆಳಗಿಳಿದಂತೆ ಆ ಅಂತರ ಹಿಗ್ಗುತ್ತದೆ. ಇದು ಎರಡು ಬಗೆಯ ಬೆಳಕನ್ನು ಹೊಮ್ಮಿಸುತ್ತದೆ. ಒಂದು, 380 ನ್ಯಾನೊಮೀಟರಿನ ಆಸುಪಾಸಿನ, ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಇನ್ನೊಂದು, ಹರಳಿನ ಮತ್ತು ಮೇಲ್ಮೈಯ ಕೊರತೆಗಳಿಂದ ಬರುವ, 500ರಿಂದ 560 ನ್ಯಾನೊಮೀಟರಿನ ನಡುವಿನ ಹಸಿರು-ಹಳದಿ ಬೆಳಕು. ನನಗೆ ಬೇಕಾದದ್ದು ಎರಡನೆಯದು.

ನಮ್ಮ ವಿಭಾಗದಲ್ಲಿ ಲೋಹದ ಆಕ್ಸೈಡ್ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ದ್ರಾವಣ ದಹನ ವಿಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ.ಸಿ. ಪಾಟೀಲರು 1980ರ ದಶಕದಲ್ಲಿ ಬೆಳೆಸಿದ ಈ ವಿಧಾನದಲ್ಲಿ ಲೋಹದ ನೈಟ್ರೇಟನ್ನು ಯೂರಿಯಾದಂಥ ಇಂಧನದೊಂದಿಗೆ ಬೆರೆಸಿ, 500 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಕುಲುಮೆಯಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಆಕ್ಸೈಡಿನ ಹುಡಿ ಸಿದ್ಧವಾಗುತ್ತದೆ. ಆ ಹುಡಿಯನ್ನು ಸೀಸೆಯಲ್ಲಿಟ್ಟು ಅನುಕೂಲವಾದಾಗ ಪರೀಕ್ಷೆಗೆ ಕಳುಹಿಸಬಹುದು. ನನ್ನದು ಆಲ್ಕೊಹಾಲಿನಲ್ಲಿ ಕಡಿಮೆ ಉಷ್ಣತೆಯಲ್ಲಿ ಹುಟ್ಟುವ ಕಣ. ಆ ನೆಮ್ಮದಿ ಇಲ್ಲಿಲ್ಲ ಎಂಬುದು ಕೆಲಸ ಶುರುವಾದ ಮೇಲೆ ದಿನದಿನಕ್ಕೂ ಸ್ಪಷ್ಟವಾಯಿತು.

ಮೊದಲ ಕಾಯುವಿಕೆ ರಾಸಾಯನಿಕಗಳದ್ದು. ಜಿಂಕ್ ಅಸಿಟೇಟ್ ಡೈಹೈಡ್ರೇಟ್, ಲಿಥಿಯಂ ಹೈಡ್ರಾಕ್ಸೈಡ್, ಪಾಲಿವಿನೈಲ್ ಪಿರೋಲಿಡೋನ್, ಅಂದರೆ ಪ್ರಯೋಗಾಲಯದ ಮಾತಿನ ಪಿವಿಪಿ, ಇವು ಯಾವ ಪೂರೈಕೆದಾರರಲ್ಲಾದರೂ ಸಿಗುತ್ತವೆ. ತಡೆ ಬಂದದ್ದು ನೀರಿಲ್ಲದ ಎಥನಾಲಿನಲ್ಲಿ. ಅದನ್ನು ಮಾರುವವರು ಸಂಸ್ಥೆಯ ಹೆಸರಿನಲ್ಲಿ ಅಬಕಾರಿ ಇಲಾಖೆ ಕೊಟ್ಟ ಪರವಾನಗಿಯ ಪ್ರತಿ ಕೇಳುತ್ತಾರೆ. ಪರವಾನಗಿ ಇದ್ದರೂ ಅದು ನವೀಕರಣಗೊಂಡಿರಬೇಕು, ದಾಸ್ತಾನು ಪುಸ್ತಕ ಬರೆದಿರಬೇಕು. ನವೀಕರಣದ ಕಾಗದ ಬರುವವರೆಗೆ ನನ್ನ ಕೆಲಸ ಪೂರ್ತಿ ನಿಂತಿತ್ತು. ಮೆಥನಾಲಿನಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸಿ ಇದೇ ಕಣಗಳನ್ನು ತಯಾರಿಸುವ ವಿಧಾನವೂ ಇದೆ. ಆದರೆ ಮೆಥನಾಲ್ ವಿಷಕಾರಿ, ಧೂಮಪೆಟ್ಟಿಗೆ ಸರಿಯಾಗಿ ಎಳೆಯದ ಕೋಣೆಯಲ್ಲಿ ಅದನ್ನು ಕುದಿಸಬಾರದು. ಆದ್ದರಿಂದ ಸಂಶೋಧನಾ ಪ್ರಸ್ತಾವ ಒಪ್ಪಿಗೆಯಾದ ದಿನವೇ ಎಥನಾಲಿನ ಕಾಗದಪತ್ರಗಳನ್ನು ಶುರು ಮಾಡುವುದು ಕ್ಷೇಮ.

ಎರಡನೆಯ ತಡೆ ಪಾಲಿಮರ್ ಹೊದಿಕೆಗೆ ಬೇಕಾದ ವಸ್ತುಗಳದ್ದು. ಒಂದು ತುದಿಯಲ್ಲಿ ಮೆಥಾಕ್ರಿಲೇಟ್ ಗುಂಪನ್ನು ಹೊತ್ತ ಪಾಲಿಎಥಿಲೀನ್ ಗ್ಲೈಕಾಲ್, ಸರಾಸರಿ ಅಣುತೂಕ 500ರ ಆಸುಪಾಸಿನದು, ನನ್ನ ಪಟ್ಟಿಯಲ್ಲೇ ಎಲ್ಲಕ್ಕಿಂತ ದುಬಾರಿಯಾಗಿತ್ತು, ಹೊರದೇಶದಿಂದ ಬರಬೇಕಿತ್ತು. ಪಾಲಿಮರೀಕರಣವನ್ನು ಶುರು ಮಾಡುವ ಎಐಬಿಎನ್ ಬಿಸಿಯಲ್ಲಿ ಒಡೆಯುವ ವಸ್ತುವಾದ್ದರಿಂದ ಅದನ್ನು ತಣ್ಣಗಿಟ್ಟೇ ಸಾಗಿಸಬೇಕು, ಬಂದ ಕೂಡಲೇ ಫ್ರಿಜ್‌ನಲ್ಲಿಡಬೇಕು. ಮೂರು ಕೊಟೇಷನ್, ತುಲನಾ ಪಟ್ಟಿ, ವಿಭಾಗದ ಮುಖ್ಯಸ್ಥರ ಸಹಿ, ಹಣಕಾಸು ವಿಭಾಗದ ಸಹಿ ಎಂದು ಕಡತ ಮೇಜಿನಿಂದ ಮೇಜಿಗೆ ಸಾಗುವಾಗ ಮೊದಲು ಪಡೆದ ಕೊಟೇಷನ್ನಿನ ಅವಧಿಯೇ ಮುಗಿದು ಬೆಲೆ ಬದಲಾಗಿತ್ತು. ಕೊಟೇಷನ್ ಪಡೆಯುವಾಗಲೇ ಅದು ಎಷ್ಟು ದಿನ ಚಾಲ್ತಿಯಲ್ಲಿರುತ್ತದೆಂದು ಬರೆಸಿಕೊಳ್ಳಿ. ನೈಟ್ರೋಜನ್ ಅನಿಲಕ್ಕೆ ಅರ್ಜಿ ಬರೆಯುವವರು ಸಿಲಿಂಡರಿನ ಠೇವಣಿಯನ್ನೂ ರೆಗ್ಯುಲೇಟರಿನ ಬೆಲೆಯನ್ನೂ ಬೇರೆಬೇರೆಯಾಗಿ ಸೇರಿಸಬೇಕು. ರೆಗ್ಯುಲೇಟರ್ ಅನಿಲದ ಜೊತೆಗೆ ಬರುವುದಿಲ್ಲ, ಮತ್ತು ಅದಕ್ಕೆ ಅನಿಲಕ್ಕಿಂತ ಹೆಚ್ಚು ಹಣ ಬೇಕಾಗುತ್ತದೆ.

ಕೊನೆಗೂ ಎಲ್ಲ ಕೂಡಿಬಂದಾಗ ಮಳೆಗಾಲ ಹಿಡಿದಿತ್ತು. ನಾನು ಅನುಸರಿಸಿದ್ದು ಈ ಕ್ಷೇತ್ರದಲ್ಲಿ 1990ರ ದಶಕದಿಂದ ಬಳಕೆಯಲ್ಲಿರುವ ಕ್ರಮ. 1.10 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟನ್ನು 50 ಮಿಲಿಲೀಟರ್ ಕುದಿಯುವ ಎಥನಾಲಿನಲ್ಲಿ ಕರಗಿಸಿ, ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು ಸೊನ್ನೆ ಡಿಗ್ರಿಗೆ ತರಬೇಕು. ಇತ್ತ 0.29 ಗ್ರಾಂ ಲಿಥಿಯಂ ಹೈಡ್ರಾಕ್ಸೈಡ್ ಮೊನೊಹೈಡ್ರೇಟನ್ನು ಅಷ್ಟೇ ಎಥನಾಲಿನಲ್ಲಿ, ಅಲ್ಟ್ರಾಸಾನಿಕ್ ತೊಟ್ಟಿಯ ನೆರವಿನಿಂದ ಕರಗಿಸಿ, ಬಿರುಸಾಗಿ ಕಲಕುತ್ತಿರುವ ಮೊದಲ ದ್ರಾವಣಕ್ಕೆ ಹನಿಹನಿಯಾಗಿ ಸೇರಿಸಬೇಕು. ಸತು 5 ಮಿಲಿಮೋಲ್, ಹೈಡ್ರಾಕ್ಸೈಡ್ ಸುಮಾರು 7 ಮಿಲಿಮೋಲ್, ಈ 1.4ರ ಅನುಪಾತ ಮುಖ್ಯ. ಲಿಥಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುತ್ತದೆ, ತೇವದ ಗಾಳಿಯಲ್ಲಿ ಇನ್ನೂ ಬೇಗ. ತೂಗಿದ ತೂಕ ಸರಿಯಿದ್ದರೂ ಅದರಲ್ಲಿ ಕ್ಷಾರ ಅಷ್ಟಿರುವುದಿಲ್ಲ. ಚಿಟಿಕೆ ಹುಡಿಗೆ ದುರ್ಬಲ ಆಮ್ಲದ ಹನಿ ಹಾಕಿದಾಗ ನೊರೆಗುಳ್ಳೆ ಎದ್ದರೆ ಆ ಸೀಸೆಯನ್ನು ಬದಿಗಿಟ್ಟು ಹೊಸದನ್ನು ತೆರೆಯಿರಿ. ವಿಭಾಗದ ಹಳೆಯ ಸೀಸೆ ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹೊಸದು ತೆರೆದ ಮೇಲೆ ಅದನ್ನು ತೇವ ತಾಗದಂತೆ ಕಾಯುವ ಡೆಸಿಕೇಟರಿನಿಂದ ಹೊರಗಿಡಲೇ ಇಲ್ಲ.

ದ್ರಾವಣ ನೀರಿನಷ್ಟು ತಿಳಿಯಾಗಿ ಉಳಿಯಿತು. ನೇರಳಾತೀತ ಟಾರ್ಚ್ ಹಿಡಿದರೆ ಏನೂ ಹೊಳೆಯಲಿಲ್ಲ. ಕಣಗಳೇ ಹುಟ್ಟಲಿಲ್ಲವೆಂದು ಇಲ್ಲಿ ಅನೇಕರು ದ್ರಾವಣವನ್ನು ಚೆಲ್ಲಿಬಿಡುತ್ತಾರೆಂದು ನಮ್ಮ ಮಾರ್ಗದರ್ಶಕ ಮೇಡಂ ಮೊದಲೇ ಎಚ್ಚರಿಸಿದ್ದರು. ಕಾರಣ ಹೀಗಿದೆ. ಅಂಗಡಿಯಲ್ಲಿ ನೋಟು ಪರೀಕ್ಷೆಗೆಂದು ಮಾರುವ ಅಗ್ಗದ ಟಾರ್ಚುಗಳು ಹೆಚ್ಚಾಗಿ 395 ನ್ಯಾನೊಮೀಟರಿನವು. ಆ ಬೆಳಕಿನ ಶಕ್ತಿ 3.14 ಎಲೆಕ್ಟ್ರಾನ್ ವೋಲ್ಟ್, ಶಕ್ತಿ ಅಂತರಕ್ಕಿಂತ ಕಡಿಮೆ. ಜಿಂಕ್ ಆಕ್ಸೈಡನ್ನು ಅದು ಎಬ್ಬಿಸಲಾರದು. 365 ನ್ಯಾನೊಮೀಟರಿನ ಟಾರ್ಚ್ ಆದರೂ ಎಳೆಯ ಕಣಗಳಿಗೆ ಸಾಲದು. 1998ರಲ್ಲಿ ಮ್ಯೂಲೆನ್‌ಕ್ಯಾಂಪ್ ಪ್ರಕಟಿಸಿದ, ಕಣದ ಗಾತ್ರವನ್ನು ಹೀರಿಕೆಗೆ ಜೋಡಿಸುವ ಸಮೀಕರಣದ ಪ್ರಕಾರ ಲೆಕ್ಕ ಹಾಕಿದರೆ, 3 ನ್ಯಾನೊಮೀಟರ್ ಕಣದ ಹೀರಿಕೆಯ ಅಂಚು, ಅಂದರೆ ಅದಕ್ಕಿಂತ ಉದ್ದ ತರಂಗದ ಬೆಳಕನ್ನು ಕಣ ಹೆಚ್ಚಾಗಿ ಹೀರದ ಎಲ್ಲೆ, 338 ನ್ಯಾನೊಮೀಟರಿನಲ್ಲಿ, 4ರದ್ದು 353ರಲ್ಲಿ, 5ರದ್ದು 360ರಲ್ಲಿ ಬೀಳುತ್ತದೆ. ಜೀವರಸಾಯನ ವಿಭಾಗದಲ್ಲಿ ಡಿಎನ್‌ಎ ನೋಡಲು ಇಟ್ಟಿದ್ದ 312 ನ್ಯಾನೊಮೀಟರಿನ ಟ್ರಾನ್ಸ್‌ಇಲ್ಯುಮಿನೇಟರಿನ ಮೇಲೆ, ಮುಖಕ್ಕೆ ರಕ್ಷಣೆಯ ಕವಚ ತೊಟ್ಟು, ಕ್ವಾರ್ಟ್ಜ್ ಕೋಶದಲ್ಲಿ ಅದೇ ದ್ರಾವಣವನ್ನು ಇಟ್ಟಾಗ ಅದು ಒಮ್ಮೆಗೇ ನೀಲಿ ಬೆರೆತ ಹಸಿರಾಗಿ ಬೆಳಗಿತು. ಆ ಕ್ಷಣದ ಸಂತೋಷವನ್ನು ಹೇಗೆ ಬರೆಯಬೇಕೆಂದು ತಿಳಿಯುತ್ತಿಲ್ಲ. ಇಷ್ಟು ತಿಂಗಳ ಕಾಗದ ಓಡಾಟವೆಲ್ಲ ಅದರಲ್ಲಿ ತೀರಿಹೋಯಿತು.

ಅದೇ ದ್ರಾವಣ ಕೋಣೆಯ ಉಷ್ಣತೆಯಲ್ಲಿ ಮರುದಿನದ ಹೊತ್ತಿಗೆ ಹಸಿರಾಯಿತು, ಮುಂದೆ ಹಳದಿಯ ಕಡೆಗೆ ವಾಲಿತು. ಸಣ್ಣ ಕಣಗಳು ಕರಗಿ ದೊಡ್ಡವುಗಳ ಮೇಲೆ ಕೂಡಿಕೊಳ್ಳುವ ಈ ಬೆಳವಣಿಗೆಯನ್ನು ನೀರಿನ ಅಂಶವೂ ಉಷ್ಣತೆಯೂ ಚುರುಕುಗೊಳಿಸುತ್ತವೆ. ಪಾಕ ಸರಿಯಾದ ಎಳೆಗೆ ಬಂದಾಗಲೇ ಒಲೆಯಿಂದ ಇಳಿಸಬೇಕಾದಂತೆ, ಬೇಕಾದ ಬಣ್ಣ ಕಂಡಾಗಲೇ ಇದನ್ನು ನಿಲ್ಲಿಸಬೇಕು. ನಿಲ್ಲಿಸುವ ಸರಳ ಕ್ರಮವೆಂದರೆ ಹೆಕ್ಸೇನ್ ಸುರಿದು ಕಣಗಳನ್ನು ಬಿಳಿಯ ಪ್ರಕ್ಷೇಪವಾಗಿ ಇಳಿಸಿ, ಸೆಂಟ್ರಿಫ್ಯೂಜ್ ಮಾಡಿ, ಹೊಸ ಎಥನಾಲಿನಲ್ಲಿ ಮತ್ತೆ ಹರಡುವುದು. ಹೀಗೆ ತೊಳೆದಾಗ ಲಿಥಿಯಂ ಮತ್ತು ಅಸಿಟೇಟ್ ಹೋಗಿ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಅತಿಯಾಗಿ ತೊಳೆದರೆ ಕಣಗಳು ಮತ್ತೆ ಹರಡದೆ ತಳದಲ್ಲೇ ಕೂರುತ್ತವೆ. ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ, ಆದರೆ ಗಾಳಿಮಳೆಯ ರಾತ್ರಿಗಳಲ್ಲಿ ಇಲ್ಲಿ ವಿದ್ಯುತ್ತು ಬೆಳಗಿನವರೆಗೂ ಬಾರದಿರುವುದುಂಟು. ಫ್ರಿಜ್ ಬೆಚ್ಚಗಾದ ಒಂದು ರಾತ್ರಿಯ ಬಳಿಕ ಮೂರು ಬಗೆಯ ಗಾತ್ರಗಳೆಂದು ಬೇರೆಬೇರೆ ಇಟ್ಟಿದ್ದ ಮಾದರಿಗಳೆಲ್ಲ ಒಂದೇ ಹಳದಿಗೆ ಬಂದಿದ್ದವು. ಪಾಲಿಮರ್ ಏಕೆ ಬೇಕೆಂಬುದು ಲೇಖನಗಳಿಂದ ತಿಳಿದಿದ್ದರೂ ಮನಸ್ಸಿಗೆ ನಾಟಿದ್ದು ಆ ಬೆಳಗ್ಗೆ.

ಮೊದಲು ಬಳಸಿದ್ದು ಪಿವಿಪಿ. ಅದರ ಒಂದು ಘಟಕದ ತೂಕ 111 ಆದ್ದರಿಂದ 5 ಮಿಲಿಮೋಲ್ ಸತುವಿಗೆ ಸಮನಾಗಿ 0.56 ಗ್ರಾಂ ತೂಗಿ, ಕ್ಷಾರ ಸೇರಿಸುವ ಮೊದಲೇ ಸತುವಿನ ದ್ರಾವಣದಲ್ಲಿ ಕರಗಿಸಿದೆ. ಅದರ ಕಾರ್ಬೊನಿಲ್ ಆಮ್ಲಜನಕ ಕಣದ ಮೇಲ್ಮೈಯ ಸತುವಿಗೆ ಅಂಟಿಕೊಳ್ಳುತ್ತದೆ, ಉದ್ದ ಸರಪಳಿ ಕಣಗಳನ್ನು ಪರಸ್ಪರ ದೂರವಿಡುತ್ತದೆ. ಬೆಳವಣಿಗೆ ನಿಜಕ್ಕೂ ನಿಂತಿತು. ಹೀರಿಕೆಯ ಅಂಚು ದಿನಗಳು ಕಳೆದರೂ ಕದಲಲಿಲ್ಲ. ಆದರೆ ಹಸಿರು ಬೆಳಕು ಮಂಕಾಯಿತು, ನೇರಳಾತೀತ ಹೊಮ್ಮುವಿಕೆ ಹೆಚ್ಚಿತು. ಮೇಲ್ಮೈಯ ಕೊರತೆಗಳನ್ನು ಪಿವಿಪಿ ಮುಚ್ಚುವುದರಿಂದ ಹೀಗಾಗುತ್ತದೆ. ನೇರಳಾತೀತ ಬೆಳಕು ಬೇಕಾದವರಿಗೆ ಇದು ಒಳ್ಳೆಯ ಫಲ. ಕಣ್ಣಿಗೆ ಕಾಣುವ ಬೆಳಕು ಬೇಕಿದ್ದ ನನಗೆ ಇದು ಮುಂದಿನ ದಾರಿಯನ್ನು ತೋರಿಸಿತು. ಇನ್ನೊಂದು ತೊಡಕೂ ಇದೆ: ಪಿವಿಪಿ ಹೆಕ್ಸೇನಿನಲ್ಲಿ ಕರಗದು, ಹೀಗಾಗಿ ತೊಳೆಯಲು ಹೋದರೆ ಅಂಟದೆ ಉಳಿದ ಪಿವಿಪಿಯೂ ಕಣಗಳೊಂದಿಗೆ ಅಂಟಂಟಾದ ಮುದ್ದೆಯಾಗಿ ಇಳಿಯುತ್ತದೆ. ಆದ್ದರಿಂದ ಅಗತ್ಯಕ್ಕಿಂತ ಹೆಚ್ಚು ಪಿವಿಪಿ ಹಾಕುವುದರಿಂದ ಲಾಭವಿಲ್ಲ.

ಎರಡನೆಯ ದಾರಿಯಲ್ಲಿ ಪಾಲಿಮರನ್ನು ಕಣದ ಮೇಲೆಯೇ ಬೆಳೆಸಬೇಕು. ಜಿಂಕ್ ಅಸಿಟೇಟಿನ ಬದಲು ಜಿಂಕ್ ಮೆಥಾಕ್ರಿಲೇಟಿನಿಂದ ಹೊರಟರೆ ಹುಟ್ಟುವ ಕಣದ ಮೇಲ್ಮೈಯಲ್ಲಿ ಮೆಥಾಕ್ರಿಲೇಟ್ ಗುಂಪುಗಳು ಉಳಿದುಕೊಳ್ಳುತ್ತವೆ. ಅವುಗಳ ಜೋಡಿಬಂಧವನ್ನು ಪಾಲಿಎಥಿಲೀನ್ ಗ್ಲೈಕಾಲಿನ ಮೆಥಾಕ್ರಿಲೇಟಿನೊಂದಿಗೆ ಹೆಣೆದರೆ ಒಳಗೆ ಸತುವಿಗೆ ಕಚ್ಚಿಕೊಂಡ, ಹೊರಗೆ ನೀರಿಗೆ ಒಲಿಯುವ ಹೊದಿಕೆಯಾಗುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಗಳು ಹಲವು. ಮಾರಾಟಕ್ಕೆ ಬರುವ ಮೊನೊಮರಿನಲ್ಲಿ ಅದು ತಾನಾಗಿ ಪಾಲಿಮರ್ ಆಗದಂತೆ ತಡೆಯುವ ಪದಾರ್ಥ ಬೆರೆಸಿರುತ್ತಾರೆ. ಚಿಕ್ಕ ಅಲ್ಯುಮಿನಾ ಕಂಬದ ಮೂಲಕ ಹಾಯಿಸಿ ಅದನ್ನು ತೆಗೆಯಬೇಕು, ತೆಗೆದ ಮೇಲೆ ಕೂಡಲೇ ಬಳಸಬೇಕು. ಆಮ್ಲಜನಕ ಪಾಲಿಮರೀಕರಣವನ್ನು ತಡೆಯುವುದರಿಂದ ದ್ರಾವಣದಲ್ಲಿ ನೈಟ್ರೋಜನ್ ಗುಳ್ಳೆಗಳನ್ನು ಅರ್ಧ ಗಂಟೆಯಾದರೂ ಹಾಯಿಸಬೇಕು. ಎಐಬಿಎನ್ ಕೆಲಸ ಮಾಡಲು 65ರಿಂದ 70 ಡಿಗ್ರಿ ಬೇಕು, ಆದರೆ ಆ ಉಷ್ಣತೆಯಲ್ಲಿ ಕಣಗಳೂ ಬೆಳೆಯುತ್ತವೆ. ಹೀಗಾಗಿ ಹಸಿರು ಬೇಕೆಂದರೆ ನೀಲಿ-ಹಸಿರಿನ ಹಂತದಲ್ಲೇ ಪಾಲಿಮರೀಕರಣಕ್ಕೆ ಇಳಿಯಬೇಕು. ಬಿಸಿ ಮಾಡುವ ಅವಧಿಯುದ್ದಕ್ಕೂ ಆಗಾಗ ಒಂದು ಹನಿ ತೆಗೆದು ಹೀರಿಕೆಯ ರೋಹಿತ, ಅಂದರೆ ಯಾವ ತರಂಗದ ಬೆಳಕನ್ನು ಎಷ್ಟು ಹೀರಿತೆಂಬ ನಕ್ಷೆ, ದಾಖಲಿಸುತ್ತ ಕುಳಿತೆ. ಮೊದಲು ಅಂಚು ಕೆಂಪಿನ ಕಡೆಗೆ ಸರಿಯಿತು, ಹೊದಿಕೆ ಮೂಡಿದಂತೆ ಆ ಸರಿಯುವಿಕೆ ನಿಧಾನವಾಗಿ ನಿಂತಿತು. ಈ ಸಲದ ಹಸಿರು-ಹಳದಿ ಬೆಳಕು ಹಾಗೆಯೇ ಉಳಿಯಿತು.

ಹೊದಿಕೆಯಾದ ಕಣಗಳನ್ನು ನೀರಿಗೆ ತಂದ ಮೇಲೆ ಹೊರಗಿನ ಲವಣಗಳನ್ನೂ ಉಳಿದ ಮೊನೊಮರನ್ನೂ ತೆಗೆಯಲು, ಚಿಕ್ಕ ಅಣುಗಳನ್ನಷ್ಟೇ ಹೊರಬಿಡುವ ಡಯಾಲಿಸಿಸ್ ಕೊಳವೆ ಬಳಸಿದೆ. ಜಿಂಕ್ ಆಕ್ಸೈಡು ಶುದ್ಧ ನೀರಿನಲ್ಲೂ ಲೀಟರಿಗೆ ಕೆಲವು ಮಿಲಿಗ್ರಾಂಗಳಷ್ಟು ಕರಗುತ್ತದೆ, ಆದ್ದರಿಂದ ನೀರು ಬದಲಿಸುತ್ತ ದಿನಗಟ್ಟಲೆ ಇಟ್ಟರೆ ಕಣಗಳೇ ಕರಗಿಹೋಗುತ್ತವೆ. ಆಮ್ಲೀಯ ದ್ರಾವಣದಲ್ಲಿ ಅವು ಉಳಿಯುವುದೇ ಇಲ್ಲ. ಜೀವಕೋಶಗಳ ಕೆಲಸಕ್ಕೆ ಹೋಗುವವರು ಇನ್ನೊಂದನ್ನು ಗಮನಿಸಬೇಕು: ಎಲ್ಲರೂ ಬಳಸುವ ಫಾಸ್ಫೇಟ್ ಬಫರಿನಲ್ಲಿ ಫಾಸ್ಫೇಟ್ ಸತುವನ್ನು ಹಿಡಿದು ಪ್ರತಿದೀಪ್ತಿಯನ್ನು, ಅಂದರೆ ಕಣ ಹೊಮ್ಮಿಸುವ ಬೆಳಕನ್ನು, ಕೆಡಿಸುತ್ತದೆ. ಬೇರೆ ಬಫರನ್ನು ಮೊದಲೇ ಆರಿಸಿ, ಅದರಲ್ಲಿ ಬೆಳಕು ಎಷ್ಟು ಕಾಲ ನಿಲ್ಲುತ್ತದೆಂದು ನೋಡಿಕೊಳ್ಳಿ.

ಅಳತೆಗಳ ವಿಷಯಕ್ಕೆ ಬರುತ್ತೇನೆ. ಪ್ರತಿದೀಪ್ತಿ ರೋಹಿತಮಾಪಕ ನಮ್ಮಲ್ಲೇ ಇತ್ತು, ಆದರೆ ದೀಪದ ಆಯುಷ್ಯ ಮುಗಿದಿತ್ತು. ಹೊಸ ದೀಪ ಬರುವವರೆಗೆ ಬೇರೆ ಸಂಸ್ಥೆಯೊಂದರಲ್ಲಿ ಸಮಯ ಕೇಳಬೇಕಾಯಿತು. ಯಾವ ಉಪಕರಣ ಎಲ್ಲಿದೆ, ಶುಲ್ಕವೆಷ್ಟು ಎಂದು ಹುಡುಕಲು ಕೇಂದ್ರ ಸರ್ಕಾರದ ಐ-ಸ್ಟೆಮ್ ಜಾಲತಾಣ ನೆರವಾಯಿತು. ಎಥನಾಲಿನ ಮಾದರಿಯನ್ನು 340 ನ್ಯಾನೊಮೀಟರಿನಲ್ಲಿ ಪ್ರಚೋದಿಸಿದಾಗ 378ರ ಬಳಿ ಚೂಪಾದ ಶೃಂಗವೊಂದು ಕಾಣಿಸಿತು. ಜಿಂಕ್ ಆಕ್ಸೈಡಿನ ನೇರಳಾತೀತ ಹೊಮ್ಮುವಿಕೆ ಬರಬೇಕಾದ ಜಾಗವೇ ಅದು. ಆದರೆ ಎಥನಾಲಿನ ಇಂಗಾಲ-ಜಲಜನಕ ಬಂಧದ ರಾಮನ್ ಚದರಿಕೆಯೂ, ಅಂದರೆ ಬಿದ್ದ ಬೆಳಕೇ ಕೊಂಚ ಶಕ್ತಿ ಕಳೆದುಕೊಂಡು ಚದರುವುದೂ, ಕರಾರುವಾಕ್ಕಾಗಿ ಅಲ್ಲಿಯೇ ಬೀಳುತ್ತದೆ! ಪ್ರಚೋದನೆಯನ್ನು 320ಕ್ಕೆ ಬದಲಿಸಿದಾಗ ಆ ಶೃಂಗ 353ಕ್ಕೆ ಸರಿಯಿತು. ಕಣದ ಬೆಳಕಾಗಿದ್ದರೆ ಅದು ಕದಲಬಾರದಿತ್ತು. ಬರೀ ದ್ರಾವಕದ ರೋಹಿತವನ್ನೂ ಪ್ರತಿ ಸಲ ದಾಖಲಿಸಿ, ಮತ್ತು 680ರಲ್ಲಿ ಕಾಣುವ ಗೆರೆ 340ರ ಪ್ರಚೋದನೆಯ ಬೆಳಕಿನ ಎರಡನೆಯ ಶ್ರೇಣಿ, ಅಂದರೆ ಎರಡುಪಟ್ಟು ತರಂಗದೂರದಲ್ಲಿ ಉಪಕರಣ ತೋರಿಸುವ ಅದರದೇ ನೆರಳು ಎಂಬುದನ್ನು ನೆನಪಿಡಿ. ಹೀರಿದ ಬೆಳಕಿನಲ್ಲಿ ಎಷ್ಟು ಪಾಲು ಮರಳಿ ಹೊಮ್ಮುತ್ತದೆಂಬ ಕ್ವಾಂಟಮ್ ಇಳುವರಿಗೆ ಹೋಲಿಕೆಯ ವಸ್ತುವಾಗಿ ದುರ್ಬಲ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿದ ಕ್ವಿನೀನ್ ಸಲ್ಫೇಟನ್ನು ಬಳಸಿದೆ. ಅದರ ಮೌಲ್ಯ 0.54. ಎರಡೂ ದ್ರಾವಣಗಳ ಹೀರಿಕೆ 0.1ಕ್ಕಿಂತ ಕೆಳಗಿರಬೇಕು.

ಕ್ಷ-ಕಿರಣ ವಿವರ್ತನೆಗೆ ಒಣ ಹುಡಿ ಬೇಕು. 5 ಮಿಲಿಮೋಲಿನ ಒಂದು ತಯಾರಿಕೆಯಲ್ಲಿ ಎಲ್ಲವೂ ಕೈಗೆ ಬಂದರೂ ಸಿಗುವುದು 0.4 ಗ್ರಾಂ, ತೊಳೆದ ಮೇಲೆ ಅದಕ್ಕಿಂತ ಸಾಕಷ್ಟು ಕಡಿಮೆ. ಒಲೆಯಲ್ಲಿ ಒಣಗಿಸಬೇಡಿ, ಕಣಗಳು ಕೂಡಿಕೊಂಡು ಬೆಳಕು ಕುಂದುತ್ತದೆ. ನಿರ್ವಾತ ಡೆಸಿಕೇಟರ್ ಸಾಕು, ತಡವಾದರೂ. ನನ್ನ ಹುಡಿಯಲ್ಲಿ 36.3 ಡಿಗ್ರಿಯ ಶೃಂಗದ ಅಗಲ ಹತ್ತಿರಹತ್ತಿರ 2 ಡಿಗ್ರಿ ಇತ್ತು. ಶೃಂಗದ ಅಗಲದಿಂದ ಹರಳಿನ ಗಾತ್ರ ಹೇಳುವ ಶೆರರ್ ಸೂತ್ರದ ಪ್ರಕಾರ ಅದು ಸುಮಾರು 4.2 ನ್ಯಾನೊಮೀಟರ್. ಹೀರಿಕೆಯ ಅಂಚಿನಿಂದ ಹಾಕಿದ ಲೆಕ್ಕಕ್ಕೆ ಇದು ಹೊಂದಿತು. ಪಿವಿಪಿ ಇರುವ ಮಾದರಿಯಲ್ಲಿ 11 ಮತ್ತು 21 ಡಿಗ್ರಿಗಳ ಸುತ್ತ ಅಗಲವಾದ ಉಬ್ಬುಗಳು ಕಾಣುತ್ತವೆ, ಅವು ಪಾಲಿಮರಿನವು, ಕಲ್ಮಶವಲ್ಲ.

ಎಲ್ಲಕ್ಕಿಂತ ದೀರ್ಘವಾಗಿ ಕಾದದ್ದು ಟ್ರಾನ್ಸ್‌ಮಿಷನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ. ಗುರುತಿನ ಪತ್ರ, ಮಾರ್ಗದರ್ಶಕರ ಪತ್ರ, ಮಾದರಿ ವಿಷಕಾರಿಯಲ್ಲವೆಂಬ ಘೋಷಣೆ, ಶುಲ್ಕ ಕಟ್ಟಿದ ರಸೀದಿ ಇಷ್ಟನ್ನು ಕಳುಹಿಸಿದ ಮೇಲೂ ಉಪಕರಣ ದುರಸ್ತಿಯಲ್ಲಿದೆಯೆಂದು ದಿನಾಂಕ ಮತ್ತೆಮತ್ತೆ ಮುಂದೆ ಹೋಯಿತು. ಪಾಲಿಮರ್ ಹೊದಿಕೆ ಇರದಿದ್ದರೆ ಅಷ್ಟು ಹೊತ್ತಿಗೆ ನೋಡಲು ಬೇರೆಯದೇ ಕಣಗಳು ಉಳಿದಿರುತ್ತಿದ್ದವು. ಕೊನೆಗೆ ಪರದೆಯ ಮುಂದೆ ಕೂರಿಸಿಕೊಂಡ ಹಿರಿಯ ತಂತ್ರಜ್ಞರು ಮಾದರಿಯ ಹನಿ ಒಣಗಿಸಿದ ಮೊದಲ ಜಾಲರಿಯನ್ನು ನೋಡಿ, ‘ನೋಡಮ್ಮಾ, ಕಣಕ್ಕಿಂತ ಪಾಲಿಮರೇ ಜಾಸ್ತಿ ಕಾಣ್ತಾ ಇದೆ, ಕಿರಣ ಬಿದ್ದ ಕಡೆ ಕಪ್ಪಾಗ್ತಾ ಇದೆ’ ಎಂದರು. ಹೆಚ್ಚು ತೆಳುವಾದ ದ್ರಾವಣದಿಂದ ಇನ್ನೊಂದು ಜಾಲರಿಯನ್ನೂ ಸಿದ್ಧಪಡಿಸಿ ಒಯ್ದಿದ್ದೆ, ಅದರಲ್ಲಿ 0.26 ನ್ಯಾನೊಮೀಟರ್ ಅಂತರದ ಹರಳಿನ ಗೆರೆಗಳು ಸ್ಪಷ್ಟವಾಗಿ ಮೂಡಿದವು. ಕನಿಷ್ಠ ಮೂರು ಸಾಂದ್ರತೆಗಳ ಜಾಲರಿಗಳನ್ನು ಒಯ್ಯದೆ ಅಲ್ಲಿಗೆ ಹೋಗಬೇಡಿ.

ಖರ್ಚಿನ ಲೆಕ್ಕದಲ್ಲಿ ರಾಸಾಯನಿಕಗಳಿಗಿಂತ ಪರೀಕ್ಷೆಗಳೇ ಭಾರವಾದವು. ಪ್ರಕಟಿತ ದರದ ಮೇಲೆ ಶೇ. 18 ಜಿಎಸ್‌ಟಿ ಇರುತ್ತದೆ, ಪ್ರಯಾಣ, ವಸತಿ ಬೇರೆ. ಶೈಕ್ಷಣಿಕ ದರ ಸಿಗಬೇಕಾದರೆ ವಿಭಾಗದ ಪತ್ರ ಅರ್ಜಿಯೊಂದಿಗೇ ಇರಬೇಕು. ಸೂಕ್ಷ್ಮದರ್ಶಕದ ದಿನಾಂಕ ಮೊದಲು ಪಡೆದು, ಅಲ್ಲಿಂದ ಹಿಂದಕ್ಕೆ ಎಣಿಸಿ ತಯಾರಿಕೆಯ ದಿನವನ್ನು ಗೊತ್ತು ಮಾಡಿಕೊಳ್ಳಿ. ಪ್ರತಿ ಮಾದರಿಯ ಸೀಸೆಯ ಮೇಲೆ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆಯಿರಿ. ಅಳತೆ ಮಾಡುವ ದಿನವೇ ಹೀರಿಕೆಯ ರೋಹಿತವನ್ನು ಮತ್ತೊಮ್ಮೆ ತೆಗೆಯಿರಿ. ವಿಮರ್ಶಕರು ಗಾತ್ರದ ಬಗ್ಗೆ ಕೇಳಿದಾಗ ಉತ್ತರಕ್ಕೆ ಆಧಾರವಾಗಿ ನಿಲ್ಲುವುದು ಅದೇ. ಮಿಕ್ಕ ಹೆಕ್ಸೇನ್ ಮತ್ತು ಎಥನಾಲನ್ನು ಸಾವಯವ ದ್ರಾವಕಗಳ ಡಬ್ಬಕ್ಕೆ, ಕಣಗಳ ತ್ಯಾಜ್ಯವನ್ನು ದುರ್ಬಲ ಆಮ್ಲದಲ್ಲಿ ಕರಗಿಸಿ ಲೋಹಗಳ ಡಬ್ಬಕ್ಕೆ ಸೇರಿಸಬೇಕು. ಮೀನುಗಳಿಗೆ ಸತು ವಿಷವಾದ್ದರಿಂದ ಅದನ್ನು ಸಿಂಕಿಗೆ ಸುರಿಯುವಂತಿಲ್ಲ. ಉಳಿದ ಎಐಬಿಎನ್‌ಅನ್ನು ಫ್ರಿಜ್‌ನಲ್ಲೇ ಬಿಟ್ಟು ಹೋಗದೆ, ವಿಭಾಗದ ದಾಸ್ತಾನು ನೋಡಿಕೊಳ್ಳುವವರಿಗೆ ಲಿಖಿತವಾಗಿ ಒಪ್ಪಿಸಿ ಸಹಿ ಪಡೆಯಿರಿ. ಬೇಬಾಕಿ ಪತ್ರಕ್ಕೆ ಆ ಸಹಿಯೂ ಬೇಕಾಗುತ್ತದೆ.